ಇನ್ಯೋ ಕೌಂಟಿ: ಈ ಕಣಿವೆ ಖಾಲಿಯಾದದ್ದು ಹೇಗೆ?

ನೀರಿನ ಹಾದಿ:
ಲಾಸ್ ಏಂಜಲೀಸಿನಿಂದ ಮ್ಯಾಮತ್ ಎಂಬ ಬೆಟ್ಟದೂರಿನ ಕಡೆಗೆ 395ನೇ ಹೆದ್ದಾರಿಯಲ್ಲಿ ಹೋಗುವ ಕನ್ನಡಿಗರು ಈಗ ಬಹಳ ಮಂದಿ. ಎಡಕ್ಕೆ ಸಿಯೆರಾ ನೆವಾಡದ ಹಿಮದ ಗೋಡೆ, ಬಲಕ್ಕೆ ಇನ್ಯೋ ಬೆಟ್ಟಸಾಲು, ನಡುವೆ ಗಂಟೆಗಟ್ಟಲೆ ಕುರುಚಲು ಬಯಲು. ಮರುಭೂಮಿ, ಇಲ್ಲಿ ಯಾರು ತಾನೇ ಬದುಕಿಯಾರು ಎಂದು ಕಾರಿನಲ್ಲೇ ತೀರ್ಮಾನವಾಗಿಬಿಡುತ್ತದೆ. ಆ ತೀರ್ಮಾನ ತಪ್ಪು ಎಂದು ಹೇಳುವುದಕ್ಕಾಗಿಯೇ ಈ ಚರ್ಚೆ ಆರಂಭಿಸುತ್ತಿದ್ದೇನೆ.

ಇನ್ಯೋ ಕ್ಯಾಲಿಫೋರ್ನಿಯಾದ ಎರಡನೆಯ ಅತಿ ದೊಡ್ಡ ಕೌಂಟಿ, 1866ರಲ್ಲಿ ರಚನೆಯಾದದ್ದು. ವಿಸ್ತೀರ್ಣ 26,000 ಚದರ ಕಿಲೋಮೀಟರಿಗೂ ಮಿಗಿಲು. ತುಮಕೂರು, ಚಿತ್ರದುರ್ಗ ಜಿಲ್ಲೆಗಳೆರಡನ್ನು ಕೂಡಿಸಿದರೂ ಅಷ್ಟಾಗುವುದಿಲ್ಲ. 2020ರ ಜನಗಣತಿಯ ಪ್ರಕಾರ ಅಲ್ಲಿರುವವರು 19,016 ಜನ. ಸ್ವಂತ ಪುರಸಭೆ ಇರುವುದು ಬಿಷಪ್ ಎಂಬ ಒಂದೇ ಊರಿಗೆ, ಅದರ ಜನಸಂಖ್ಯೆಯೂ ನಾಲ್ಕು ಸಾವಿರದೊಳಗೆ. ಕೌಂಟಿ ಕೇಂದ್ರವಾದ ಇಂಡಿಪೆಂಡೆನ್ಸ್‌ನಲ್ಲಿ ಆರುನೂರರ ಆಸುಪಾಸು.

ಈಗ ಇನ್ನೊಂದು ಲೆಕ್ಕ ನೋಡಿ. ಕೌಂಟಿಯ ಭೂಮಿಯಲ್ಲಿ ಶೇಕಡಾ 90ಕ್ಕೂ ಹೆಚ್ಚು ಅಮೆರಿಕದ ಕೇಂದ್ರ ಸರ್ಕಾರದ್ದು. ಸುಮಾರು ಶೇಕಡಾ 4 ಲಾಸ್ ಏಂಜಲೀಸ್ ನಗರದ್ದು. ಖಾಸಗಿಯವರ ಕೈಯಲ್ಲಿರುವುದು ಶೇಕಡಾ 2ಕ್ಕಿಂತಲೂ ಕಡಿಮೆ. ಆ ಶೇಕಡಾ 4 ಬೆಟ್ಟದ ನೆತ್ತಿಯಲ್ಲಿಲ್ಲ. ನೀರು ಹರಿಯುವ, ಹುಲ್ಲು ಬೆಳೆಯುವ, ಊರು ಕಟ್ಟಬಹುದಾದ ಓವೆನ್ಸ್ ಕಣಿವೆಯ ತಳದಲ್ಲಿದೆ. ಕಣಿವೆ ಖಾಲಿಯಾಗಿರುವುದಕ್ಕೆ ಮಳೆಯ ಕೊರತೆಗಿಂತ ಈ ಪಹಣಿಯ ಲೆಕ್ಕ ದೊಡ್ಡ ಕಾರಣ ಎಂಬುದು ನನ್ನ ವಾದ. ಈ ಕಥೆಯನ್ನು ಎಲ್ಲರೂ ಲಾಸ್ ಏಂಜಲೀಸ್ ಇಲ್ಲಿನ ನೀರಿಗಾಗಿ ಭೂಮಿ ಕೊಂಡ 1905ರಿಂದ ಆರಂಭಿಸುತ್ತಾರೆ, ಅದೂ ಸರಿಯಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಬೆಟ್ಟದ ಚಾರಣಿಗ:
ವಾದ ಆಸಕ್ತಿಕರವಾಗಿದೆ. ಆದರೆ ಮಳೆಯನ್ನು ಅಷ್ಟು ಸುಲಭವಾಗಿ ಬದಿಗೆ ಸರಿಸಲು ಬರುವುದಿಲ್ಲ ಸರ್. ಪೆಸಿಫಿಕ್‌ನಿಂದ ಬರುವ ಮೋಡಗಳೆಲ್ಲ ಸಿಯೆರಾದ ಪಶ್ಚಿಮ ಇಳಿಜಾರಿನಲ್ಲೇ ಬರಿದಾಗುತ್ತವೆ. ಬಿಷಪ್‌ನಲ್ಲಿ ವರ್ಷಕ್ಕೆ ಬೀಳುವುದು ಐದು ಅಂಗುಲದಷ್ಟು ಮಳೆ. ನಮ್ಮ ಬಯಲುಸೀಮೆಯ ಅತಿ ಒಣ ತಾಲ್ಲೂಕಿನಲ್ಲೂ ಇದರ ಮೂರು ಪಟ್ಟು ಬೀಳುತ್ತದೆ. ಇಲ್ಲಿ ಎಷ್ಟು ಜನ ನೆಲೆಸಲು ಸಾಧ್ಯವಿತ್ತು?

ನೀರಿನ ಹಾದಿ:
ಚಾರಣಿಗರೇ, ಬೀಳುವ ಮಳೆಯನ್ನಷ್ಟೇ ಅಳೆದರೆ ನೀವು ಹೇಳಿದ್ದು ಸರಿ. ಹರಿದು ಬರುವ ನೀರನ್ನು ಅಳೆದರೆ ಚಿತ್ರ ಬದಲಾಗುತ್ತದೆ. ಕಣಿವೆಯ ತಳ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿದೆ. ಪಶ್ಚಿಮಕ್ಕೆ ಅಲ್ಲಿಂದ ಇನ್ನೂ 3,000 ಮೀಟರ್ ನೇರ ಏರು. ಚಳಿಗಾಲವಿಡೀ ಅಲ್ಲಿ ಹಿಮ ಕೂಡಿಕೊಳ್ಳುತ್ತದೆ, ಮೇ, ಜೂನ್‌ನಲ್ಲಿ ಕರಗಿ ಹತ್ತಾರು ಹಳ್ಳಗಳಲ್ಲಿ ಇಳಿಯುತ್ತದೆ. ಬಿಷಪ್ ಕ್ರೀಕ್, ಬಿಗ್ ಪೈನ್ ಕ್ರೀಕ್, ಲೋನ್ ಪೈನ್ ಕ್ರೀಕ್ ಎಲ್ಲವೂ ಹೀಗೆ ಇಳಿದು ಓವೆನ್ಸ್ ನದಿಯನ್ನು ಸೇರುತ್ತಿದ್ದವು. ಆ ನದಿಗೆ ಸಮುದ್ರಕ್ಕೆ ದಾರಿಯಿಲ್ಲ. ಕಣಿವೆಯ ದಕ್ಷಿಣ ತುದಿಯ ಓವೆನ್ಸ್ ಸರೋವರದಲ್ಲಿ ಅದರ ಪಯಣ ಮುಗಿಯುತ್ತಿತ್ತು. ಅದು ಸುಮಾರು 110 ಚದರ ಮೈಲಿಯ ಸರೋವರ, ಉಪ್ಪು ನೀರಿನದು, ಒಂದು ಕಾಲಕ್ಕೆ ಉಗಿಹಡಗು ಓಡಾಡುವಷ್ಟು ಆಳದ್ದು.

ಎರಡೂ ಕಡೆಯ ಬೆಟ್ಟಗಳು ಏರುತ್ತ, ನಡುವಿನ ನೆಲ ಕುಸಿಯುತ್ತ ಉಂಟಾದ ಕಣಿವೆ ಇದು. ಆ ಚಲನೆ ಇನ್ನೂ ನಿಂತಿಲ್ಲ. 1872ರ ಮಾರ್ಚ್ 26ರ ನಸುಕಿನಲ್ಲಿ ಲೋನ್ ಪೈನ್ ಊರನ್ನು ನೆಲಸಮ ಮಾಡಿದ ಭೂಕಂಪ ಕ್ಯಾಲಿಫೋರ್ನಿಯಾ ಕಂಡ ಅತಿ ದೊಡ್ಡವುಗಳಲ್ಲಿ ಒಂದು. ಇಟ್ಟಿಗೆ, ಹಸಿಮಣ್ಣಿನ ಮನೆಗಳಡಿ ಸಿಕ್ಕಿ ಆ ಚಿಕ್ಕ ಊರಿನಲ್ಲಿ 27 ಜನ ಸತ್ತರು. ಅಂದು ನೆಲ ಒಡೆದು ಮೇಲೆದ್ದ ದಂಡೆಯನ್ನು ಊರಿನ ಪಶ್ಚಿಮಕ್ಕೆ ಹೋದರೆ ಇವತ್ತಿಗೂ ಕಾಣಬಹುದು.

ಬೆಟ್ಟದ ಚಾರಣಿಗ:
ಇದಕ್ಕೆ ಒಂದು ಸೇರಿಸುತ್ತೇನೆ. ಇನ್ಯೋ ಕೌಂಟಿಯ ಊರುಗಳಿಂದ ಸಿಯೆರಾವನ್ನು ನೇರವಾಗಿ ದಾಟುವ ಹೆದ್ದಾರಿ ಒಂದೂ ಇಲ್ಲ. ಬಹುತೇಕ ರಸ್ತೆಗಳು ಬೆಟ್ಟದ ಬುಡದವರೆಗೋ ಯಾವುದೋ ಕೆರೆಯವರೆಗೋ ಹೋಗಿ ಮುಗಿಯುತ್ತವೆ. ಬೆಟ್ಟದಾಚೆಯ ಫ್ರೆಸ್ನೋ ನಗರ ನಕ್ಷೆಯಲ್ಲಿ ಪಕ್ಕದಲ್ಲೇ ಕಾಣುತ್ತದೆ, ಹೋಗಬೇಕಾದರೆ ದೊಡ್ಡ ಸುತ್ತು. ಆದ್ದರಿಂದ ಈ ಜನ ವ್ಯಾಪಾರಕ್ಕೂ ಆಸ್ಪತ್ರೆಗೂ ತಮ್ಮದೇ ರಾಜ್ಯದ ನಡುಭಾಗದತ್ತ ನೋಡಲಿಲ್ಲ, ಉತ್ತರಕ್ಕೆ ನೆವಾಡದ ರೀನೋ ಕಡೆಗೋ ದಕ್ಷಿಣಕ್ಕೆ ಲಾಸ್ ಏಂಜಲೀಸ್ ಕಡೆಗೋ ಮುಖ ಮಾಡಿದರು.

ಕೌಂಟಿಯ ಪೂರ್ವಾರ್ಧ ಮತ್ತೊಂದೇ ಲೋಕ. 4,421 ಮೀಟರ್ ಎತ್ತರದ ವಿಟ್ನಿ ಶಿಖರ ಪಶ್ಚಿಮದ ಗಡಿಯಲ್ಲಿ, ಸಮುದ್ರಮಟ್ಟಕ್ಕಿಂತ 86 ಮೀಟರ್ ತಗ್ಗಿನ ಬ್ಯಾಡ್‌ವಾಟರ್ ಪೂರ್ವದಲ್ಲಿ. ಅಲಾಸ್ಕಾ, ಹವಾಯಿ ಬಿಟ್ಟರೆ ಅಮೆರಿಕದ ಅತಿ ಎತ್ತರದ ಜಾಗವೂ ಅತಿ ತಗ್ಗಿನ ಜಾಗವೂ ಇದೇ ಕೌಂಟಿಯಲ್ಲಿವೆ. 1913ರ ಜುಲೈ 10ರಂದು ಡೆತ್ ವ್ಯಾಲಿಯ ಫರ್ನೇಸ್ ಕ್ರೀಕ್‌ನಲ್ಲಿ ದಾಖಲಾದ 56.7 ಡಿಗ್ರಿ ಸೆಲ್ಸಿಯಸ್ ಇಂದಿಗೂ ಜಗತ್ತಿನ ಅಧಿಕೃತ ದಾಖಲೆ. ಬಿಷಪ್‌ನ ಪೂರ್ವಕ್ಕೆ ವೈಟ್ ಮೌಂಟನ್ಸ್ ಹತ್ತಿದರೆ 4,800 ವರ್ಷ ದಾಟಿದ ಬ್ರಿಸಲ್‌ಕೋನ್ ಪೈನ್ ಮರಗಳಿವೆ. ಅತಿ ಹಳೆಯದು ಯಾವುದೆಂದು ಅರಣ್ಯ ಇಲಾಖೆ ಗುರುತು ಹಾಕಿಲ್ಲ, ಜನ ಚಕ್ಕೆ ಕಿತ್ತುಕೊಂಡು ಹೋಗದಿರಲಿ ಎಂದು. ಒಳ್ಳೆಯ ಕೆಲಸ.

ನೀರಿನ ಹಾದಿ:
ಈಗ ಜನವಸತಿಯ ಮಾತು. ಈ ಕಣಿವೆಯ ಮೊದಲ ನೀರಾವರಿ ಬಿಳಿಯ ರೈತರದ್ದಲ್ಲ, ಪೈಯೂಟ್ ಎಂಬ ಮೂಲನಿವಾಸಿ ಜನರದ್ದು. ಅವರು ತಮ್ಮನ್ನು ನ್ಯೂಮು ಎಂದೂ ಕಣಿವೆಯನ್ನು ಪಾಯಹೂನಾಡು ಎಂದೂ ಕರೆಯುತ್ತಾರೆ. 1859ರಲ್ಲಿ ಕ್ಯಾಪ್ಟನ್ ಡೇವಿಡ್ಸನ್ ಎಂಬ ಸೇನಾಧಿಕಾರಿ ಇಲ್ಲಿಗೆ ಬಂದಾಗಲೇ ಮೈಲುಗಟ್ಟಲೆ ಉದ್ದದ ಕಾಲುವೆಗಳನ್ನು ಕಂಡು ಬರೆದಿಟ್ಟ. ಆ ವ್ಯವಸ್ಥೆ ಹೇಗೆ ನಡೆಯುತ್ತಿತ್ತು ಎಂಬುದನ್ನು 1930ರ ದಶಕದಲ್ಲಿ ಮಾನವಶಾಸ್ತ್ರಜ್ಞ ಜೂಲಿಯನ್ ಸ್ಟೀವರ್ಡ್ ಹಿರಿಯರ ಬಾಯಿಂದ ಕೇಳಿ ದಾಖಲಿಸಿದರು. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಬಿಷಪ್ ಕ್ರೀಕ್ ಬೆಟ್ಟದಿಂದ ಇಳಿಯುವಲ್ಲಿ ಪ್ರತಿ ವಸಂತದಲ್ಲೂ ಕಲ್ಲು, ಕಡ್ಡಿ, ಮಣ್ಣು ಸೇರಿಸಿ ಅಡ್ಡಗಟ್ಟೆ ಕಟ್ಟುತ್ತಿದ್ದರು. ಅದಕ್ಕೆ ಊರಿನ ಗಂಡಸರೆಲ್ಲ ಸೇರುತ್ತಿದ್ದರು. ನೀರು ಬಿಡುವ ಹೊಣೆ ಒಬ್ಬನದು, ಅವನನ್ನು ಜನರೇ ಸೇರಿ ಆರಿಸುತ್ತಿದ್ದರು. ನಮ್ಮ ಕೆರೆಗಳ ನೀರುಗಂಟಿಯಂಥವನು. ಹಳ್ಳದ ಉತ್ತರಕ್ಕೊಂದು, ದಕ್ಷಿಣಕ್ಕೊಂದು ವಿಶಾಲ ಬಯಲು. ಒಂದು ವರ್ಷ ಈ ಕಡೆಗೆ ನೀರು, ಮರುವರ್ಷ ಆ ಕಡೆಗೆ. ಬೀಜ ಬಿತ್ತುತ್ತಿರಲಿಲ್ಲ, ಉಳುತ್ತಿರಲಿಲ್ಲ. ತಾನಾಗಿ ಬೆಳೆಯುವ ಗೆಡ್ಡೆಯ ಗಿಡಗಳಿಗೆ, ಮುಖ್ಯವಾಗಿ ತಬೂಸ್ ಎಂಬ ಕೊನ್ನಾರಿ ಜಾತಿಯ ಗೆಡ್ಡೆಗೆ, ನೀರುಣಿಸುತ್ತಿದ್ದರು. ಶರತ್ಕಾಲದಲ್ಲಿ ಅಡ್ಡಗಟ್ಟೆ ಒಡೆದು ನೀರನ್ನು ಹಳ್ಳಕ್ಕೆ ಮರಳಿಸುತ್ತಿದ್ದರು. ಕಾಲುವೆ ಬತ್ತಿದಾಗ ಅದರಲ್ಲಿ ಉಳಿದ ಮೀನು ಎಲ್ಲರಿಗೂ ಹಂಚಿಕೆ. ಗೆಡ್ಡೆ ಅಗೆಯುವುದು ಹೆಂಗಸರ ಕೆಲಸ.

ಬಯಲುಗಳಿಗೆ ಸರದಿ ಕೊಡುವುದು, ನೆಲಕ್ಕೆ ಬಿಡುವು ಕೊಡುವುದು, ಹಳ್ಳಕ್ಕೆ ಹಳ್ಳದ ನೀರನ್ನು ಹಿಂದಿರುಗಿಸುವುದು. ಇದು ನೀರಾವರಿಯಲ್ಲದೆ ಇನ್ನೇನು? ಆದರೂ ಇದನ್ನು ಕೃಷಿ ಎಂದು ಯಾರೂ ಒಪ್ಪಲಿಲ್ಲ. ಒಪ್ಪಿದ್ದರೆ ನೀರಿನ ಹಕ್ಕನ್ನೂ ಒಪ್ಪಬೇಕಾಗುತ್ತಿತ್ತು.

1861ರಲ್ಲಿ ನೆವಾಡ ಗಡಿಯ ಅರೋರಾ ಗಣಿಗಳಿಗೆ ಮಾಂಸ ಮಾರಲು ದನದ ಹಿಂಡುಗಳು ಬಂದವು. ಸ್ಯಾಮ್ಯುಯೆಲ್ ಬಿಷಪ್ ತಂದ ಹಿಂಡು ಅವುಗಳಲ್ಲೊಂದು, ಊರಿಗೆ ಅವನದೇ ಹೆಸರು. ಆ ಚಳಿಗಾಲ ಅತಿ ಕಠಿಣ. ನೀರುಣಿಸಿ ಬೆಳೆಸಿದ್ದ ಗೆಡ್ಡೆಯ ಬಯಲುಗಳನ್ನು ದನಗಳು ಮೇಯ್ದು ತುಳಿದವು. ಹಸಿದ ಪೈಯೂಟ್ ಜನ ದನ ಕಡಿದರು, ಯುದ್ಧ ಹತ್ತಿತು. 1862ರ ಜುಲೈ 4ರಂದು ಸೈನ್ಯ ಶಿಬಿರ ಹೂಡಿತು. ಇಂಡಿಪೆಂಡೆನ್ಸ್ ಎಂಬ ಹೆಸರು ಬಂದದ್ದು ಆ ದಿನದಿಂದ. ಸೈನಿಕರು ಕೂಡಿಟ್ಟ ಆಹಾರವನ್ನು ಸುಟ್ಟರು. 1863ರ ಜುಲೈನಲ್ಲಿ ಸುಮಾರು ಒಂಬೈನೂರು ಜನರನ್ನು ಸುಡುಬಿಸಿಲಿನಲ್ಲಿ ಬೆಟ್ಟದಾಚೆಯ ಫೋರ್ಟ್ ಟೆಹೋನ್ ಎಂಬ ಸೇನಾನೆಲೆಗೆ ನಡೆಸಿಕೊಂಡು ಹೋದರು. ದಾರಿಯಲ್ಲೇ ಹಲವರು ಸತ್ತರು, ಹಲವರು ತಪ್ಪಿಸಿಕೊಂಡು ಮರಳಿದರು. ಮರಳಿದವರಿಗೆ ಸಿಕ್ಕದ್ದು ತಮ್ಮದೇ ನೆಲದಲ್ಲಿ ಕೂಲಿ. ಹೊಸ ಒಡೆಯರ ಕಾಲುವೆಗಳಲ್ಲಿ ಎಷ್ಟೋ ಹಳೆಯ ಪೈಯೂಟ್ ಜಾಡಿನಲ್ಲೇ ಹರಿದವು.

1905ರಿಂದ ಕಥೆ ಆರಂಭಿಸಿದರೆ ನೀರು ಕಳೆದುಕೊಂಡವರು ಬಿಳಿಯ ರೈತರು ಮಾತ್ರ ಎಂದಾಗುತ್ತದೆ. ಅವರಿಗಿಂತ ಮೊದಲು ಕಳೆದುಕೊಂಡವರು ಕಾಣದೇ ಹೋಗುತ್ತಾರೆ.

ಹಳ್ಳಿ ಲೆಕ್ಕ:
ನೀವು ದನ, ಗಣಿಯ ಮಾತು ಎತ್ತಿದ್ದು ಒಳ್ಳೆಯದಾಯಿತು. ನಾನು ಹಣದ ಹರಿವನ್ನು ಹಿಂಬಾಲಿಸುತ್ತೇನೆ. ಸರೋವರದ ಪೂರ್ವಕ್ಕೆ ಇನ್ಯೋ ಬೆಟ್ಟದ ಮೇಲೆ ಸೆರೋ ಗೋರ್ಡೋ ಎಂಬ ಬೆಳ್ಳಿ, ಸೀಸದ ಗಣಿಯಿದೆ. 1865ರಲ್ಲಿ ಅದನ್ನು ಮೊದಲು ಗುರುತಿಸಿದವರು ಮೆಕ್ಸಿಕನ್ ಗಣಿಗಾರರು. ಲಾಭ ಮಾಡಿಕೊಂಡವರು ಮಾರ್ಟಿಮರ್ ಬೆಲ್‌ಶಾ, ವಿಕ್ಟರ್ ಬೋಡ್ರಿ. ಬೆಟ್ಟಕ್ಕೆ ಇದ್ದ ಒಂದೇ ರಸ್ತೆ ಬೆಲ್‌ಶಾನದು, ಹತ್ತುವವರೆಲ್ಲ ಅವನಿಗೆ ಸುಂಕ ಕೊಡಬೇಕಿತ್ತು. ಬೆಟ್ಟದ ಮೇಲೆ ನೀರಿಲ್ಲ, ಅದೂ ಹಣಕ್ಕೆ. ಕುಲುಮೆಗಳ ಇದ್ದಿಲಿಗಾಗಿ ಸುತ್ತಲ ಪೈನ್ ಕಾಡು ಬರಿದಾಯಿತು. ಪೈಯೂಟ್ ಮತ್ತು ಶೊಶೋನಿ ಜನರಿಗೆ ಪೈನ್ ಬೀಜ ಚಳಿಗಾಲದ ಅನ್ನ ಎಂಬುದು ನೆನಪಿರಲಿ.

ಕರಗಿಸಿದ ಗಟ್ಟಿಗಳನ್ನು 1872ರಿಂದ ಬೆಸ್ಸಿ ಬ್ರೇಡಿ ಎಂಬ ಉಗಿಹಡಗು ಸರೋವರ ದಾಟಿಸುತ್ತಿತ್ತು. ಅಲ್ಲಿಂದ ರೆಮಿ ನಾಡೋ ಎಂಬ ಸಾಗಣೆದಾರನ ಹೇಸರಗತ್ತೆ ಬಂಡಿಗಳು ಮರುಭೂಮಿ ದಾಟಿ ಲಾಸ್ ಏಂಜಲೀಸಿಗೆ. 1870ರಲ್ಲಿ ಆ ನಗರದಲ್ಲಿ ಆರು ಸಾವಿರ ಜನವೂ ಇರಲಿಲ್ಲ. ಬಂಡಿಗಳು ಬೆಳ್ಳಿ ಹೊತ್ತು ಇಳಿದು, ಜೋಳ, ಹುಲ್ಲು, ಹೆಂಡ, ಬಟ್ಟೆ ಹೊತ್ತು ಮರಳುತ್ತಿದ್ದವು. ಆ ಚಿಕ್ಕ ಊರು ವ್ಯಾಪಾರದ ಪಟ್ಟಣವಾದದ್ದರಲ್ಲಿ ಇನ್ಯೋ ಬೆಳ್ಳಿಯ ಪಾಲು ದೊಡ್ಡದು. ನೀರಿಗೆ ಮೂವತ್ತು ವರ್ಷ ಮೊದಲೇ ಲಾಸ್ ಏಂಜಲೀಸ್ ಈ ಕೌಂಟಿಯನ್ನು ನೆಚ್ಚಿಕೊಂಡಿತ್ತು.

ಡೆತ್ ವ್ಯಾಲಿಯ ಬೋರಾಕ್ಸ್ (ಬಿಳಿಗಾರ) ಕಥೆ ಹೆಚ್ಚು ಪ್ರಸಿದ್ಧ, ಲೆಕ್ಕದಲ್ಲಿ ಚಿಕ್ಕದು. ಹಾರ್ಮನಿ ಕಾರ್ಖಾನೆ ನಡೆದದ್ದು 1883ರಿಂದ 1888ರವರೆಗೆ ಮಾತ್ರ. ಇಪ್ಪತ್ತು ಪ್ರಾಣಿಗಳು ಎಳೆಯುವ ಬಂಡಿಗಳು 165 ಮೈಲಿ ದೂರದ ಮೊಹಾವಿ ರೈಲು ನಿಲ್ದಾಣಕ್ಕೆ ಹೋಗುತ್ತಿದ್ದವು. ಜಾಹೀರಾತಿನಲ್ಲಿ ಆ ಬಂಡಿ ಅಮರವಾಯಿತು. ಉಪ್ಪುಬಯಲಿನಲ್ಲಿ ಬೋರಾಕ್ಸ್ ಕೆರೆದು ಕೂಡಿಸಿದ ಚೀನೀ ಕೂಲಿಗಳು ಆ ಚಿತ್ರದಲ್ಲಿಲ್ಲ.

ನಿವೃತ್ತ ಎಂಜಿನಿಯರ್:
ಹಿರಿಯನಾಗಿ ಒಂದು ಮಾತು. ಓವೆನ್ಸ್ ನೀರನ್ನು ಲಾಸ್ ಏಂಜಲೀಸಿಗೆ ಒಯ್ಯುವ ಕಾಲುವೆಯ ವಿಷಯ ಬಂದಾಗ ಅದನ್ನು ಕಟ್ಟಿಸಿದ ಎಂಜಿನಿಯರ್ ವಿಲಿಯಂ ಮುಲ್‌ಹಾಲೆಂಡ್ ಅವರನ್ನು ಖಳನನ್ನಾಗಿ ಮಾಡುವುದು ಈಗ ರೂಢಿಯಾಗಿದೆ. ಕೆಲಸವನ್ನೂ ನೋಡಿ. 1908ರಲ್ಲಿ ಆರಂಭ, 1913ರ ನವೆಂಬರ್ 5ರಂದು ಉದ್ಘಾಟನೆ, 233 ಮೈಲಿ ಉದ್ದ. ಇಡೀ ದಾರಿಯಲ್ಲಿ ಒಂದೂ ಪಂಪ್ ಇಲ್ಲ. ಕಣಿವೆ, ಗುಡ್ಡಗಳನ್ನು ಸುರಂಗ ಮತ್ತು ಉಕ್ಕಿನ ಕೊಳವೆಗಳಲ್ಲಿ ದಾಟಿಸಿ, ಬರೀ ಇಳಿಜಾರಿನ ಬಲದಿಂದ ನೀರು ತಂದರು, ಮೇಲಾಗಿ ದಾರಿಯಲ್ಲಿ ವಿದ್ಯುತ್ತನ್ನೂ ತೆಗೆದರು. ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ಹಂತಹಂತವಾಗಿ ಪಂಪ್ ಮಾಡಿ ಬೆಂಗಳೂರಿಗೆ ಎತ್ತುವ ನಾಡಿನವನಾದ ನನಗೆ ಇದರ ಬೆಲೆ ಗೊತ್ತು. 1900ರಲ್ಲಿ ಲಾಸ್ ಏಂಜಲೀಸಿನ ಜನಸಂಖ್ಯೆ ಒಂದು ಲಕ್ಷ ಚಿಲ್ಲರೆ, 1930ರಲ್ಲಿ ಹನ್ನೆರಡು ಲಕ್ಷ ದಾಟಿತ್ತು. ಅಷ್ಟು ಜನರಿಗೆ ನೀರು ಬೇಕಿತ್ತಲ್ಲವೇ? ರೈತರಿಗೆ ಹಣ ಕೊಟ್ಟೇ ಭೂಮಿ ಕೊಂಡರು.

ನೀರಿನ ಹಾದಿ:
ಎಂಜಿನಿಯರ್ ಸರ್, ಕಾಲುವೆಯ ಕೌಶಲದ ಬಗ್ಗೆ ನಿಮ್ಮ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇದೆ. ಹಣ ಕೊಟ್ಟು ಕೊಂಡರು ಎನ್ನುವಲ್ಲಿ ಮಾತ್ರ ನಿಲ್ಲಬೇಕು. ಹೇಗೆ ಕೊಂಡರು ಎಂಬುದು ಮುಖ್ಯ.

ಆಗ ಕೇಂದ್ರ ಸರ್ಕಾರದ ನೀರಾವರಿ ಸಂಸ್ಥೆ ಓವೆನ್ಸ್ ಕಣಿವೆಯ ರೈತರಿಗಾಗಿಯೇ ಯೋಜನೆಯೊಂದನ್ನು ಪರಿಶೀಲಿಸುತ್ತಿತ್ತು. ಅದರ ಕ್ಯಾಲಿಫೋರ್ನಿಯಾ ಮುಖ್ಯಸ್ಥ ಜೆ.ಬಿ. ಲಿಪಿನ್‌ಕಾಟ್ ಅದೇ ಕಾಲದಲ್ಲಿ ಲಾಸ್ ಏಂಜಲೀಸ್ ನಗರಕ್ಕೂ ಸಲಹೆಗಾರನಾಗಿ ಹಣ ಪಡೆಯುತ್ತಿದ್ದ. ನಗರದ ಮಾಜಿ ಮೇಯರ್ ಫ್ರೆಡ್ ಈಟನ್ ಕಣಿವೆಗೆ ಬಂದು ಭೂಮಿ ಕೊಳ್ಳತೊಡಗಿದಾಗ, ಇದು ಸರ್ಕಾರದ ಯೋಜನೆಗಾಗಿಯೇ ಎಂದು ಹಲವರು ನಂಬಿದ್ದರು. 1905ರ ಜುಲೈ 29ರಂದು ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯಲ್ಲಿ ಸುದ್ದಿ ಬಂದಾಗ ನಿಜ ಹೊರಬಿತ್ತು. ಅಷ್ಟರಲ್ಲಿ ಬೇಕಾದ ಭೂಮಿ ಕೈಸೇರಿತ್ತು. ಆಮೇಲೆ ಮರಗಳೇ ಇಲ್ಲದ ಕಣಿವೆಯ ತಳವನ್ನು ರಾಷ್ಟ್ರೀಯ ಅರಣ್ಯದ ಗಡಿಯೊಳಗೆ ಸೇರಿಸಿದರು, ಹೊಸ ರೈತರು ಬಂದು ನೆಲೆಸದಿರಲಿ ಎಂದು. ಬಂದ ನೀರೆಲ್ಲ ಕುಡಿಯಲೂ ಹೋಗಲಿಲ್ಲ. ಬಹುಪಾಲು ಲಾಸ್ ಏಂಜಲೀಸ್ ಪಕ್ಕದ ಸ್ಯಾನ್ ಫರ್ನಾಂಡೋ ಕಣಿವೆಯ ಹೊಲಗಳಿಗೆ ಹರಿಯಿತು. ಅಲ್ಲಿ ಪತ್ರಿಕೆಯ ಮಾಲೀಕರೂ ಸೇರಿದ್ದ ಶ್ರೀಮಂತರ ಕೂಟವೊಂದು ಮೊದಲೇ ಭೂಮಿ ಹಿಡಿದಿತ್ತು.

ನಿಜವಾದ ಒತ್ತಡ ಬಂದದ್ದು 1920ರ ದಶಕದ ಬರಗಾಲದಲ್ಲಿ. ನಗರ ಉತ್ತರದ ಹೊಲಗಳನ್ನೂ ಕೊಳ್ಳತೊಡಗಿತು. ಒಂದು ಕಾಲುವೆಯ ಮೇಲಿನ ನಾಲ್ವರು ಮಾರಿದರೆ ಉಳಿದ ಇಬ್ಬರಿಗೆ ಕಾಲುವೆ ನಡೆಸುವ ಖರ್ಚೇ ಹೊರೆ. ನೆರೆಯವರು ನೆರೆಯವರನ್ನು ಅನುಮಾನಿಸುವ ಸ್ಥಿತಿ. 1924ರ ಮೇ ತಿಂಗಳಲ್ಲಿ ನಗರದ ಕಾಲುವೆಗೆ ಡೈನಮೈಟ್ ಬಿತ್ತು. ನವೆಂಬರ್ 16ರಂದು ಅಲಬಾಮ ಗೇಟ್ಸ್ ಎಂಬ ತೂಬನ್ನು ಊರಿನವರು ವಶಪಡಿಸಿಕೊಂಡು ನಗರದ ನೀರನ್ನು ಹಳೆಯ ನದಿಪಾತ್ರಕ್ಕೆ ಬಿಟ್ಟರು. ನಾಲ್ಕು ದಿನ ಹೆಂಗಸರು, ಮಕ್ಕಳು ಬುತ್ತಿ ಕಟ್ಟಿಕೊಂಡು ಅಲ್ಲೇ ಇದ್ದರು. ಹೋರಾಟದ ಮುಂದಾಳುಗಳು ವಾಟರ್‌ಸನ್ ಸಹೋದರರು, ಕಣಿವೆಯ ಬ್ಯಾಂಕಿನ ಒಡೆಯರು. 1927ರ ಆಗಸ್ಟ್‌ನಲ್ಲಿ ಆ ಬ್ಯಾಂಕ್ ಬಾಗಿಲು ಹಾಕಿತು. ಠೇವಣಿ ದುರುಪಯೋಗದ ಅಪರಾಧಕ್ಕೆ ಇಬ್ಬರೂ ಜೈಲಿಗೆ ಹೋದರು. ಕಣಿವೆಯ ಕುಟುಂಬಗಳ ಉಳಿತಾಯ ಮುಳುಗಿತು, ಹೋರಾಟವೂ ಮುಗಿಯಿತು. 1930ರ ದಶಕದ ಹೊತ್ತಿಗೆ ಕಣಿವೆಯ ತಳದ ಹೊಲ, ಊರುಗಳ ನಿವೇಶನ ಬಹುತೇಕ ಎಲ್ಲವೂ ನಗರದ ಹೆಸರಿನಲ್ಲಿದ್ದವು.

ನಿವೃತ್ತ ಎಂಜಿನಿಯರ್:
ಲಿಪಿನ್‌ಕಾಟ್ ನಡತೆಯನ್ನು ನಾನು ಸಮರ್ಥಿಸುವುದಿಲ್ಲ, ಸರ್ಕಾರಿ ಕುರ್ಚಿಯಲ್ಲಿ ಕುಳಿತವನು ಹಾಗೆ ಮಾಡಬಾರದು. ಆದರೆ ಇನ್ನೊಂದು ಮಗ್ಗುಲೂ ಇದೆ. ನಗರ ಆ ಭೂಮಿ ಕೊಳ್ಳದಿದ್ದರೆ ಇಂದು ಬಿಷಪ್‌ನಿಂದ ಲೋನ್ ಪೈನ್‌ವರೆಗೂ ಬಡಾವಣೆ, ಮಾಲು, ಗೋದಾಮುಗಳೇ ಇರುತ್ತಿದ್ದವು. ನೀವು ಕಣ್ತುಂಬಿಕೊಳ್ಳುವ ಆ ಬಯಲು ಉಳಿದಿರುವುದೂ ಅದರಿಂದಲೇ. ಅಲ್ಲಿ ಯಾರು ಬೇಕಾದರೂ ನಡೆದಾಡಬಹುದು, ಮೀನು ಹಿಡಿಯಬಹುದು.

ಹಳ್ಳಿ ಲೆಕ್ಕ:
ಸರ್, ಇದು ಅಲ್ಲಿನ ಜನರೂ ಹೇಳುವ ಮಾತು. ಅದರಲ್ಲಿ ಸತ್ಯವೂ ಇದೆ. ಆದರೆ ಆ ನೋಟದ ಬೆಲೆಯನ್ನು ತೆರುವವರು ನೋಡಲು ಬರುವವರಲ್ಲ. ಬಿಷಪ್ ಪಟ್ಟಣದ ಸುತ್ತ ನಗರದ ಭೂಮಿ, ಅದರಾಚೆ ಕೇಂದ್ರದ ಭೂಮಿ. ಊರು ಬೆಳೆಯಲು ಜಾಗವಿಲ್ಲ. ಆಸ್ಪತ್ರೆಗೆ ನರ್ಸ್ ಬಂದರೆ, ಶಾಲೆಗೆ ಶಿಕ್ಷಕಿ ಬಂದರೆ ಬಾಡಿಗೆ ಮನೆ ಸಿಗುವುದು ಕಷ್ಟ. ದನ ಸಾಕುವವರು ಮೂರು ತಲೆಮಾರಿನಿಂದ ಮೇಯಿಸುತ್ತಿರುವ ಹುಲ್ಲುಗಾವಲು ನಗರದಿಂದ ಗುತ್ತಿಗೆಗೆ ಪಡೆದದ್ದು. ಬೇಲಿ ಸರಿಸಲೂ ಅನುಮತಿ ಬೇಕು. ಅಜ್ಜ ಮಾರಿದ ಹೊಲದಲ್ಲೇ ಮೊಮ್ಮಗ ಗೇಣಿದಾರ.

ತೆರಿಗೆಯ ಲೆಕ್ಕವೂ ವಿಚಿತ್ರ. ಕೇಂದ್ರದ ಭೂಮಿಗೆ ಆಸ್ತಿ ತೆರಿಗೆ ಇಲ್ಲ, ಅದಕ್ಕೆ ಬದಲಾಗಿ ಒಂದಿಷ್ಟು ಪರಿಹಾರಧನ ಬರುತ್ತದೆ. ಲಾಸ್ ಏಂಜಲೀಸ್ ನಗರ ತನ್ನ ಗಡಿಯಾಚೆಯ ಭೂಮಿಗೆ ರಾಜ್ಯ ಸಂವಿಧಾನದ ಪ್ರಕಾರ ತೆರಿಗೆ ಕಟ್ಟಲೇಬೇಕು, ಕೌಂಟಿಯ ದೊಡ್ಡ ತೆರಿಗೆದಾರರಲ್ಲಿ ಅದೂ ಒಂದು. ಇನ್ನೊಂದು ದೊಡ್ಡ ಮೂಲ ದಕ್ಷಿಣದಲ್ಲಿ ನೌಕಾಪಡೆಯ ಆವರಣದೊಳಗಿರುವ ಕೋಸೋ ಭೂಶಾಖದ ವಿದ್ಯುತ್ ಸ್ಥಾವರಗಳು. ಉಳಿದದ್ದು ಪ್ರವಾಸಿಗರ ಹೋಟೆಲ್ ತೆರಿಗೆ. ಉದ್ಯೋಗವೆಂದರೆ ಸರ್ಕಾರಿ ಕೆಲಸ, ಹೋಟೆಲು, ಅಂಗಡಿ, ಪೆಟ್ರೋಲ್ ಬಂಕ್. ಬಿಷಪ್ ಬಳಿಯ ಪೈನ್ ಕ್ರೀಕ್ ಟಂಗ್‌ಸ್ಟನ್ ಗಣಿ ಒಂದು ಕಾಲಕ್ಕೆ ದೇಶದ ದೊಡ್ಡ ಗಣಿಗಳಲ್ಲೊಂದಾಗಿತ್ತು, ಅದೂ ಮುಚ್ಚಿದೆ. 1883ರಲ್ಲಿ ಸರೋವರದ ದಂಡೆಯ ಕೀಲರ್‌ವರೆಗೆ ಬಂದಿದ್ದ ಕಿರುಹಳಿಯ ರೈಲು 1960ರಲ್ಲಿ ನಿಂತಿತು.

ಶರಾವತಿ ದಂಡೆ:
ಇಷ್ಟು ಹೊತ್ತೂ ಓದುತ್ತಿದ್ದೆ. ಮಂಜನಾರ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ಆ ಒಂದು ಸ್ಥಳದಲ್ಲಿ ನೀವು ಹೇಳಿದ ಎಲ್ಲವೂ ಒಂದರ ಮೇಲೊಂದು ಕೂತಿವೆ.

ಅಲ್ಲಿ ಮೊದಲು ಪೈಯೂಟ್ ವಸತಿಗಳಿದ್ದವು. 1910ರಲ್ಲಿ ಜಾರ್ಜ್ ಚಾಫಿ ಎಂಬ ನೀರಾವರಿ ಉದ್ಯಮಿ ಸೇಬು, ಪೇರ್ ಹಣ್ಣಿನ ತೋಟಗಳ ಊರು ಕಟ್ಟಿದ. ಶಾಲೆ, ಸಭಾಭವನ, ಹಣ್ಣಿನ ಗೋದಾಮು ಎಲ್ಲ ಇದ್ದವು. 1920ರ ದಶಕದಲ್ಲಿ ನಗರ ಅದನ್ನೂ ಕೊಂಡಿತು, ತೋಟಗಳಿಗೆ ನೀರು ನಿಂತಿತು, ಊರು ಬರಿದಾಯಿತು. ಜಪಾನ್ ಜೊತೆ ಯುದ್ಧ ನಡೆಯುತ್ತಿದ್ದಾಗ, 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಆದೇಶಕ್ಕೆ ಸಹಿ ಹಾಕಿದರು. ಪಶ್ಚಿಮ ಕರಾವಳಿಯ ಜಪಾನಿ ಮೂಲದ ಕುಟುಂಬಗಳನ್ನು ಮನೆ, ಅಂಗಡಿಗಳಿಂದ ಎಬ್ಬಿಸಿ ಹತ್ತು ಶಿಬಿರಗಳಲ್ಲಿ ಕೂಡಿಹಾಕಿದರು. ಅವರಲ್ಲಿ ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಮಂಜನಾರ್‌ನಲ್ಲಿ ಒಟ್ಟು ಹನ್ನೊಂದು ಸಾವಿರಕ್ಕೂ ಹೆಚ್ಚು ಜನ ಇದ್ದು ಹೋದರು. ಕೌಂಟಿಯಲ್ಲಿ ಆಗ ಇದ್ದ ಜನರೇ ಅಷ್ಟಿರಲಿಲ್ಲ! ಕಾಲುವೆಯ ಹತ್ತಿರ ಶಿಬಿರ ಬೇಡ, ನೀರಿಗೆ ಅಪಾಯ ಎಂದು ಲಾಸ್ ಏಂಜಲೀಸ್ ನಗರ ಆಕ್ಷೇಪಿಸಿತ್ತು.

ನನ್ನ ಮನಸ್ಸಿಗೆ ತಟ್ಟಿದ್ದು ಎರಡು ಸಂಗತಿ. ಕ್ಯಾಮೆರಾ ನಿಷೇಧವಿದ್ದ ಶಿಬಿರಕ್ಕೆ ತೊಯೋ ಮಿಯಾತಾಕೆ ಎಂಬ ಲಾಸ್ ಏಂಜಲೀಸಿನ ಛಾಯಾಗ್ರಾಹಕ ಮಸೂರವೊಂದನ್ನು ಗುಟ್ಟಾಗಿ ತಂದರು. ಒಳಗೇ ಮರದ ಪೆಟ್ಟಿಗೆ ಮಾಡಿಸಿ ಅದನ್ನು ಕ್ಯಾಮೆರಾ ಮಾಡಿಕೊಂಡು ಚಿತ್ರ ತೆಗೆದರು. ಎರಡನೆಯದು, ಒಣಗುತ್ತಿದ್ದ ಹಳೆಯ ಪೇರ್ ಮರಗಳನ್ನು ಆ ಬಂದಿಗಳೇ ಸವರಿ, ನೀರುಣಿಸಿ ಮತ್ತೆ ಹಣ್ಣು ಬಿಡಿಸಿದರು. ಕೆಲವು ಮರಗಳು ಇನ್ನೂ ಇವೆ. 1945ರ ನವೆಂಬರ್‌ನಲ್ಲಿ ಶಿಬಿರ ಮುಚ್ಚಿತು. ಮರಳಿ ಹೋಗಲು ಬಹಳ ಜನರಿಗೆ ಮನೆಯೇ ಉಳಿದಿರಲಿಲ್ಲ.

ನೀರಿನ ಹಾದಿ:
ಮೇಡಂ, ಇದನ್ನು ತಂದದ್ದಕ್ಕೆ ಧನ್ಯವಾದ. 1992ರಿಂದ ಅದು ರಾಷ್ಟ್ರೀಯ ಚಾರಿತ್ರಿಕ ಸ್ಥಳ.

ಸರೋವರದ ಮಾತು ಅರ್ಧಕ್ಕೆ ನಿಂತಿತ್ತು. ನದಿಯನ್ನು ಕಾಲುವೆಗೆ ತಿರುಗಿಸಿದ ಮೇಲೆ 1920ರ ದಶಕದ ನಡುವಿಗೇ ಅದು ಬತ್ತಿತು. ಉಳಿದದ್ದು ಚೌಳು ಬಯಲು. ಚಳಿಗಾಲ, ವಸಂತದ ಗಾಳಿಗೆ ಮೇಲ್ಪದರ ಪುಡಿಯಾಗಿ ಬಿಳಿ ಮೋಡದಂತೆ ಏಳುತ್ತಿತ್ತು. ಉಸಿರಿನೊಡನೆ ಶ್ವಾಸಕೋಶ ಸೇರುವಷ್ಟು ಸಣ್ಣ ದೂಳು, ಆರ್ಸೆನಿಕ್‌ನಂಥ ವಿಷಗಳೂ ಅದರಲ್ಲಿ. ಇಡೀ ಅಮೆರಿಕದಲ್ಲಿ ಇಂಥ ದೂಳಿನ ಅತಿ ದೊಡ್ಡ ಏಕೈಕ ಮೂಲ ಇದೇ ಆಗಿತ್ತು. ದಂಡೆಯ ಕೀಲರ್ ಒಂದು ಕಾಲದ ಬೆಳ್ಳಿ ಬಂದರು, ಈಗ ಕೆಲವೇ ಮನೆಗಳ ಊರು. ಅಲ್ಲಿನವರು ದಶಕಗಳ ಕಾಲ ಗಾಳಿ ಎದ್ದಾಗಲೆಲ್ಲ ಕಿಟಕಿ ಮುಚ್ಚಿಕೊಂಡು ಕೂತರು. 1970ರಲ್ಲಿ ಎರಡನೆಯ ಕಾಲುವೆ ಬಂದ ಮೇಲೆ ಅಂತರ್ಜಲಕ್ಕೂ ಕೈ ಬಿತ್ತು, ಒರತೆಗಳು ಒಂದೊಂದಾಗಿ ಬತ್ತಿದವು, ಹುಲ್ಲುಗಾವಲು ಒಣಗಿತು.

ಇಲ್ಲಿ ನನಗೆ ಗೌರವ ಮೂಡಿಸುವುದು ಆ ಚಿಕ್ಕ ಕೌಂಟಿಯ ಹಟ. 1972ರಲ್ಲಿ ರಾಜ್ಯದ ಹೊಸ ಪರಿಸರ ಕಾಯ್ದೆಯಡಿ ಇನ್ಯೋ ಮೊಕದ್ದಮೆ ಹೂಡಿತು. 1991ರಲ್ಲಿ ಅಂತರ್ಜಲದ ದೀರ್ಘಾವಧಿ ಒಪ್ಪಂದ. ನದಿಯ ಕೆಳಭಾಗಕ್ಕೆ ನೀರು ಬಿಡುವ ವಾಗ್ದಾನವನ್ನು ನಗರ ಮುಂದೂಡುತ್ತ ಹೋದಾಗ ನ್ಯಾಯಾಲಯ ದಿನಕ್ಕೆ 5,000 ಡಾಲರ್ ದಂಡ ಹಾಕಿತು. 2006ರ ಡಿಸೆಂಬರ್‌ನಲ್ಲಿ, ತೊಂಬತ್ತಕ್ಕೂ ಹೆಚ್ಚು ವರ್ಷಗಳ ನಂತರ, 62 ಮೈಲಿ ನದಿಪಾತ್ರದಲ್ಲಿ ಮತ್ತೆ ನೀರು ಹರಿಯಿತು. ಸರೋವರದ ತಳದಲ್ಲಿ 2001ರಿಂದ ದೂಳು ತಡೆಯುವ ಕೆಲಸ ನಡೆದಿದೆ. ಅಲ್ಲಿ ತೆಳುವಾಗಿ ನೀರು ನಿಲ್ಲಿಸುವುದು, ಜಲ್ಲಿ ಹಾಸುವುದು, ಉಪ್ಪು ತಾಳುವ ಹುಲ್ಲು ಬೆಳೆಸುವುದು ಇವೆಲ್ಲ ಸೇರಿವೆ. ಇದಕ್ಕೆ ನಗರ 200 ಕೋಟಿ ಡಾಲರಿಗೂ ಹೆಚ್ಚು ಸುರಿದಿದೆ. ನಿಂತ ನೀರಿನಲ್ಲಿ ಉಪ್ಪುನೊಣದ ಮರಿಗಳು ಹುಟ್ಟಿಕೊಂಡವು, ಅವನ್ನು ತಿನ್ನಲು ವಲಸೆ ಹಕ್ಕಿಗಳು ಸಾವಿರಾರು ಸಂಖ್ಯೆಯಲ್ಲಿ ಮರಳಿದವು.

ಬೆಟ್ಟದ ಚಾರಣಿಗ:
ಪೈಯೂಟ್ ಜನರಿಗೆ ಇದರಲ್ಲಿ ಏನು ಸಿಕ್ಕಿತು?

ನೀರಿನ ಹಾದಿ:
ಅದೇ ಬಾಕಿ ಉಳಿದಿರುವ ಪ್ರಶ್ನೆ. 1912ರಲ್ಲಿ ಅಧ್ಯಕ್ಷ ಟಾಫ್ಟ್ ಸುಮಾರು 67,000 ಎಕರೆಯನ್ನು ಅವರಿಗಾಗಿ ಕಾದಿರಿಸಿದ್ದರು. 1932ರಲ್ಲಿ ಹೂವರ್ ಆಡಳಿತ ಅದನ್ನು ರದ್ದು ಮಾಡಿತು. ಕೂಲಿ ಕೊಡುತ್ತಿದ್ದ ರೈತರೇ ಊರು ಬಿಟ್ಟಿದ್ದರಿಂದ ಹೊಟ್ಟೆಪಾಡೂ ಕಷ್ಟವಾಯಿತು. 1939ರ ವಿನಿಮಯದಲ್ಲಿ ಕೇಂದ್ರ ಸರ್ಕಾರ ಅವರ ಹೆಸರಿನಲ್ಲಿದ್ದ 2,914 ಎಕರೆಯನ್ನು ಲಾಸ್ ಏಂಜಲೀಸಿಗೆ ಬಿಟ್ಟುಕೊಟ್ಟು, 1,391 ಎಕರೆ ಪಡೆಯಿತು. ಈಗಿನ ಬಿಷಪ್, ಬಿಗ್ ಪೈನ್, ಲೋನ್ ಪೈನ್ ಮೀಸಲು ನೆಲೆಗಳು ಆ ಜಾಗದಲ್ಲೇ ಇವೆ. ಭೂಮಿ ಕೈ ಬದಲಾಯಿತು, ನೀರಿನ ಹಕ್ಕು ಬದಲಾಗಲಿಲ್ಲ. ಮತದಾರರ ಮೂರನೇ ಎರಡರಷ್ಟು ಒಪ್ಪಿಗೆಯಿಲ್ಲದೆ ನೀರಿನ ಹಕ್ಕು ಪರಭಾರೆ ಮಾಡುವಂತಿಲ್ಲ ಎಂದು ನಗರದ ಸನ್ನದು ಅಡ್ಡ ಬಂತು. ಆಮೇಲೆ ಇತ್ಯರ್ಥ ಮಾಡೋಣ ಎಂದರು. ಅದು ಇಂದಿಗೂ ಇತ್ಯರ್ಥವಾಗಿಲ್ಲ. ಬುಡಕಟ್ಟುಗಳು 1991ರಲ್ಲಿ ತಮ್ಮದೇ ನೀರಿನ ಆಯೋಗ ಕಟ್ಟಿಕೊಂಡು ಈ ಹಕ್ಕಿಗಾಗಿ ಕೆಲಸ ಮಾಡುತ್ತಿವೆ.

ಪೂರ್ವದಲ್ಲಿ ಡೆತ್ ವ್ಯಾಲಿಯ ಟಿಂಬಿಶಾ ಶೊಶೋನಿ ಜನರದ್ದು ಸ್ವಲ್ಪ ಭಿನ್ನ ಕಥೆ. 1933ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದಾಗ ತಮ್ಮ ಊರಲ್ಲೇ ಅತಿಕ್ರಮಣಕಾರರಂತಾದರು. ಹೋರಾಡಿ 2000ದಲ್ಲಿ ಸಂಸತ್ತಿನ ಕಾಯ್ದೆಯಿಂದಲೇ ಸುಮಾರು 7,700 ಎಕರೆ ಮರಳಿ ಪಡೆದರು. ಅದರಲ್ಲಿ ಫರ್ನೇಸ್ ಕ್ರೀಕ್‌ನ ಅವರ ಹಳ್ಳಿಯೂ ಸೇರಿದೆ.

ಶರಾವತಿ ದಂಡೆ:
ಮುಂದಿನ ಬೇಸಿಗೆಯಲ್ಲಿ ಮಕ್ಕಳೊಂದಿಗೆ ಹೋಗುವ ಯೋಚನೆ ಇದೆ. ಬೆಟ್ಟ, ಕೆರೆ ಹೇಗೂ ನೋಡುತ್ತೇವೆ. ಈ ಇತಿಹಾಸ ಕಾಣಬೇಕಾದರೆ ಎಲ್ಲೆಲ್ಲಿ ಇಳಿಯಬೇಕು?

ನೀರಿನ ಹಾದಿ:
ದಕ್ಷಿಣದಿಂದ ಬರುವುದಾದರೆ ಲೋನ್ ಪೈನ್‌ಗಿಂತ ಮೊದಲು 136ನೇ ರಸ್ತೆಗೆ ತಿರುಗಿ ಕೀಲರ್‌ವರೆಗೆ ಹೋಗಿ, ಸರೋವರದ ತಳ ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಲೋನ್ ಪೈನ್ ದಾಟಿ ಸ್ವಲ್ಪ ದೂರದಲ್ಲಿ ಹೆದ್ದಾರಿಯ ಪಕ್ಕದಲ್ಲೇ ಅಲಬಾಮ ಗೇಟ್ಸ್, ಇನ್ನೂ ಮುಂದೆ ಎಡಕ್ಕೆ ಮಂಜನಾರ್. ಅಲ್ಲಿನ ವಸ್ತುಸಂಗ್ರಹಾಲಯ ಶಿಬಿರದ ಹಳೆಯ ಸಭಾಂಗಣದಲ್ಲೇ ಇದೆ. ಅರ್ಧ ದಿನ ಇಟ್ಟುಕೊಳ್ಳಿ, ಬಿಸಿಲು ಏರುವ ಮೊದಲು ಹೊರಗಿನ ತೋಟ, ಸ್ಮಶಾನ ನೋಡಿ ಮುಗಿಸಿ. ಇಂಡಿಪೆಂಡೆನ್ಸ್‌ನ ಈಸ್ಟರ್ನ್ ಕ್ಯಾಲಿಫೋರ್ನಿಯಾ ಮ್ಯೂಸಿಯಂನಲ್ಲಿ ಪೈಯೂಟ್ ಹೆಂಗಸರು ಹೆಣೆದ ಬುಟ್ಟಿಗಳಿವೆ, ನೀರು ಸೋರದಷ್ಟು ಬಿಗಿ ಹೆಣಿಗೆಯವೂ ಇವೆ. ಬಿಷಪ್‌ನಲ್ಲಿ ಪೈಯೂಟ್-ಶೊಶೋನಿ ಸಾಂಸ್ಕೃತಿಕ ಕೇಂದ್ರವನ್ನು ತಪ್ಪಿಸಬೇಡಿ, ಅದನ್ನು ನಡೆಸುವವರು ಅವರೇ. ಹೊರಡುವ ಮೊದಲು ತೆರೆದಿರುವ ದಿನ, ಸಮಯ ವಿಚಾರಿಸಿಕೊಳ್ಳಿ, ಚಿಕ್ಕ ಊರುಗಳಲ್ಲಿ ಎಲ್ಲವೂ ಎಲ್ಲ ದಿನ ತೆರೆದಿರುವುದಿಲ್ಲ. ಊಟ, ತಂಗುವಿಕೆಯನ್ನು ಆದಷ್ಟು ಅಲ್ಲಿನ ಊರುಗಳಲ್ಲೇ ಮಾಡಿ. ಮ್ಯಾಮತ್ ಮೋನೋ ಕೌಂಟಿಗೆ ಸೇರಿದ್ದು, ಅಲ್ಲಿ ಕಟ್ಟುವ ಹೋಟೆಲ್ ತೆರಿಗೆ ಇನ್ಯೋಗೆ ಬರುವುದಿಲ್ಲ.